ಒರಳುಕಲ್ಲು ಒಂದು ನಗವೋ ಎರಡೋ? ‘ಒಂದು ವಸ್ತು’ ಅಂದರೆ ಏನು ಅಂತ ತಿಳಿದವರು ಹೇಳಿ

ಮುಲುಂಡ್ ಪೂರ್ವ

ನಮ್ಮ ಕಟ್ಟಡ ಮರುನಿರ್ಮಾಣಕ್ಕೆ ಹೋಗುತ್ತಿದೆ. 1974ರಲ್ಲಿ ಕಟ್ಟಿದ್ದು, ನಾಲ್ಕು ಮಾಳಿಗೆ, ಹದಿನಾರು ಮನೆ, ಲಿಫ್ಟ್ ಇಲ್ಲ. ಈ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಮೊನ್ನೆ ಟೆಂಪೋದವನು ಬಂದು ಸಾಮಾನೆಲ್ಲ ನೋಡಿ ಪಟ್ಟಿ ಮಾಡಿದ. ಅವರ ಲೆಕ್ಕವೆಲ್ಲ ‘ನಗ’ದಲ್ಲಿ, ಅಂದರೆ ಎತ್ತಿ ಸಾಗಿಸುವ ಒಂದೊಂದು ಸಾಮಾನು ಒಂದೊಂದು ನಗ, ಮುಂಬೈಯಲ್ಲಿ ಮನೆ ಬದಲಿಸಿದವರಿಗೆಲ್ಲ ಗೊತ್ತಿರುತ್ತದೆ. ಗೋದ್ರೆಜ್ ಕಪಾಟು ಒಂದು ನಗ. ಬಟ್ಟೆಯೆಲ್ಲ ಒಂದು ಚಾದರದಲ್ಲಿ ಗಂಟು ಕಟ್ಟಿದರೆ ಒಂದು ನಗ. ಮಂಚ ಬಿಚ್ಚಿದರೆ ಮೂರು ನಗ, ಬಿಚ್ಚದಿದ್ದರೆ ಒಂದು, ಆದರೆ ಮೆಟ್ಟಿಲಿನಲ್ಲಿ ತಿರುಗುವುದಿಲ್ಲ.

ಅಮ್ಮ ಮದುವೆಯಾಗಿ ಬಂದಾಗ ಕುಂದಾಪುರದ ಕಡೆಯಿಂದ ತಂದ ಒರಳುಕಲ್ಲು ಅಡುಗೆಮನೆಯ ಮೂಲೆಯಲ್ಲಿದೆ. ಮಿಕ್ಸಿ, ಗ್ರೈಂಡರ್ ಬಂದ ಮೇಲೂ ಅಮ್ಮ ಅದನ್ನು ಬಿಟ್ಟವರಲ್ಲ. ಅವರು ಹೋಗಿ ಆರು ವರ್ಷವಾಯಿತು. ಟೆಂಪೋದವನು ಅದನ್ನು ಎರಡು ನಗ ಅಂತ ಬರೆದ. ಅಪ್ಪ ಒಪ್ಪಲಿಲ್ಲ. ಒರಳು ಒಂದೇ, ಗುಂಡುಕಲ್ಲು ಇಲ್ಲದ ಒರಳು ಬರೀ ಗುಳಿ ಇರುವ ಬಂಡೆ ಅಂದರು. ಅವನು ಬಹಳ ಮರ್ಯಾದೆಯಿಂದಲೇ ಹೇಳಿದ: ಕಾಕಾ, ಎರಡು ಸಲ ಬಗ್ಗಬೇಕು, ಎರಡು ಸಲ ಎತ್ತಬೇಕು, ಎರಡು ನಗ.

ಅಪ್ಪನಿಗೆ ಎಂಬತ್ತೆರಡು. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಕೆಲಸ ಮಾಡಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಮಾತು ಕಡಿಮೆ. ಅವತ್ತು ರಾತ್ರಿ ಊಟ ಮಾಡುತ್ತ ಕೇಳಿದರು: “ಮೂರು ವರ್ಷ ಬಿಟ್ಟು ನಿಮ್ಮ ಮನೆ ನಿಮಗೆ ವಾಪಸು ಅಂತ ಸೊಸೈಟಿಯವರು ಬರೆದಿದ್ದಾರಲ್ಲ, ಯಾವ ಮನೆ ವಾಪಸು ಕೊಡುತ್ತಾರೆ?” ಈಗಿನ ಗೋಡೆ ಇರುವುದಿಲ್ಲ, ನೆಲ ಇರುವುದಿಲ್ಲ. ನಮ್ಮದು ಎರಡನೇ ಮಾಳಿಗೆ, ಕೊಡುವುದು ಹನ್ನೊಂದನೇ ಮಾಳಿಗೆಯಲ್ಲಿ. ಈಗ ಅಲ್ಲಿ ಇರುವುದು ಬರೀ ಗಾಳಿ.

ನನಗೆ ಉತ್ತರ ಹೊಳೆಯಲಿಲ್ಲ. ಸಮಾಧಾನದ ಮಾತು ಬೇಡ, ಅದನ್ನು ಎಲ್ಲರೂ ಹೇಳುತ್ತಿದ್ದಾರೆ. ಒಂದು ವಸ್ತು ಅಂತ ಯಾವುದಕ್ಕೆ ಹೇಳುತ್ತೇವೆ, ಅದು ಯಾವಾಗ ಅದೇ ಆಗಿ ಉಳಿಯುತ್ತದೆ, ಯಾವಾಗ ಇಲ್ಲವಾಗುತ್ತದೆ ಅನ್ನುವುದನ್ನು ಓದಿದವರು, ಯೋಚಿಸಿದವರು ಇದ್ದರೆ ಬರೆಯಿರಿ. ಅಪ್ಪನಿಗೆ ಓದಿ ಹೇಳುತ್ತೇನೆ.

ತರ್ಕಪ್ರಿಯ, ಮಾಟುಂಗಾ

ನಿಮ್ಮ ಟೆಂಪೋದವನ ಮಾತು ಓದಿ ನಾನು ಎದ್ದು ಕೂತೆ. ಅವನು ಹೇಳಿದ್ದನ್ನೇ ನಮ್ಮ ಹಳೆಯ ತರ್ಕಶಾಸ್ತ್ರದ ಮೂಲಗ್ರಂಥ, ಗೌತಮನ ನ್ಯಾಯಸೂತ್ರ ಹೇಳುತ್ತದೆ: ‘ಧಾರಣಾಕರ್ಷಣೋಪಪತ್ತೇಶ್ಚ’. ಹಿಡಿಯಲು, ಎಳೆಯಲು ಬರುತ್ತದೆ, ಆದ್ದರಿಂದ ಒಂದು ಇಡೀ ವಸ್ತು ಇದೆ. ಕೊಡದ ಕಂಠ ಹಿಡಿದು ಎತ್ತಿದರೆ ತಳವೂ ಜೊತೆಗೆ ಬರುತ್ತದೆ. ಮರಳಿನ ರಾಶಿಯ ತುದಿ ಹಿಡಿದು ಎತ್ತಿದರೆ ಹಿಡಿ ಮರಳು ಮಾತ್ರ ಬರುತ್ತದೆ. ಹಾಗಾಗಿ ಕೊಡ ಒಂದು ವಸ್ತು, ರಾಶಿ ಅಲ್ಲ.

ವಾದದ ಹಿನ್ನೆಲೆ ಹೀಗೆ. ಬೌದ್ಧರು ಹೇಳುತ್ತಿದ್ದರು, ಇರುವುದು ಬಿಡಿ ಭಾಗಗಳು ಅಷ್ಟೇ, ‘ಇಡೀ’ ಅನ್ನುವುದು ನಾವು ಇಟ್ಟ ಹೆಸರು. ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಒಪ್ಪಲಿಲ್ಲ. ಭಾಗಗಳು ಅವಯವ, ಅವುಗಳಲ್ಲಿ ನೆಲೆಸಿದ ಇಡಿಯಾದದ್ದು ಅವಯವಿ, ಅದು ಭಾಗಗಳಿಗಿಂತ ಬೇರೆಯೇ ಆದ ಹೊಸ ವಸ್ತು ಅಂದರು. ಭಾಗದಲ್ಲಿ ಅದು ಹೇಗೆ ಇರುತ್ತದೆ ಅಂದರೆ ಸಮವಾಯ ಎಂಬ ಬಿಡಿಸಲಾಗದ ಸಂಬಂಧದಿಂದ.

ಆದರೆ ಅವರದೇ ಪಂಗಡದ ವಾತ್ಸ್ಯಾಯನ ತನ್ನ ಭಾಷ್ಯದಲ್ಲಿ ಈ ಸೂತ್ರಕ್ಕೆ ತಾನೇ ಅಡ್ಡಿ ಎತ್ತುತ್ತಾನೆ. ಹುಲ್ಲು, ಕಲ್ಲು, ಕಟ್ಟಿಗೆಗಳನ್ನು ಅರಗು ಹಾಕಿ ಅಂಟಿಸಿದರೆ ಒಂದನ್ನು ಎಳೆದಾಗ ಎಲ್ಲವೂ ಬರುತ್ತವೆ. ಹಾಗಂತ ಅಲ್ಲಿ ಹೊಸ ವಸ್ತು ಹುಟ್ಟಿತೇ? ಇಲ್ಲವಲ್ಲ. ಎಳೆದಾಗ ಜೊತೆಗೆ ಬರುವುದು ಅಂಟಿನ ಗುಣವೂ ಇರಬಹುದು. ತನ್ನ ಪಕ್ಷದ ಯುಕ್ತಿಯನ್ನೇ ಇಷ್ಟು ನಿಷ್ಠುರವಾಗಿ ಒರೆಗೆ ಹಚ್ಚಿದ್ದು ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಇನ್ನು ‘ಪದಾರ್ಥ’ ಎಂಬ ಮಾತು. ಪದದ ಅರ್ಥ, ಪದ ಯಾವುದನ್ನು ತೋರಿಸುತ್ತದೋ ಅದು. ನ್ಯಾಯದ ಜೊತೆಯ ದರ್ಶನವಾದ ಕಣಾದರ ವೈಶೇಷಿಕದಲ್ಲಿ ಆರು: ದ್ರವ್ಯ, ಗುಣ, ಕರ್ಮ (ಚಲನೆ), ಸಾಮಾನ್ಯ (ಹಲವಕ್ಕೆ ಸಮಾನವಾದದ್ದು), ವಿಶೇಷ (ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು), ಸಮವಾಯ. ಆಮೇಲಿನವರು ಏಳನೆಯದಾಗಿ ಅಭಾವವನ್ನು ಸೇರಿಸಿದರು. 17ನೇ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹ ಶುರುವಾಗುವುದೇ ಈ ಏಳರ ಪಟ್ಟಿಯಿಂದ. ಇಲ್ಲದಿರುವುದು ಕೂಡ ಒಂದು ಪದಾರ್ಥ ಅನ್ನುವ ಧೈರ್ಯ ಅವರಿಗಿತ್ತು.

ಕರಾವಳಿ ಅಕ್ಕ

ನಮ್ಮಲ್ಲಿ ಪದಾರ್ಥ ಅಂದರೆ ಅನ್ನಕ್ಕೆ ಹಾಕಿಕೊಳ್ಳುವುದು! ಇವತ್ತು ಎಂತ ಪದಾರ್ಥ ಅಂತ ಕೇಳಿದರೆ ಬಸಳೆ ಅಂತಲೋ ಸೌತೆಕಾಯಿ ಹುಳಿ ಅಂತಲೋ ಹೇಳುತ್ತೇವೆ. ಕಣಾದರು ನಮ್ಮ ಮನೆಗೆ ಬಂದಿದ್ದರೆ ಪಟ್ಟಿ ಉದ್ದ ಆಗುತ್ತಿತ್ತು.

ನಾನು ವಾಶಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆ ಕಂತ್ರಾಟು ಮಾಡುತ್ತಿದ್ದೇನೆ. ಅಭಾವದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಉದ್ದಿನ ವಡೆಯ ತೂತು ವಸ್ತುವೋ ಅಲ್ಲವೋ? ಅಂಗೈ ಒದ್ದೆ ಮಾಡಿ, ಹಿಟ್ಟು ಇಟ್ಟು, ಹೆಬ್ಬೆರಳು ಒತ್ತಿ ತೂತು ಮಾಡಿ, ಕೈ ಮಗುಚಿ ಎಣ್ಣೆಗೆ ಜಾರಿಸುತ್ತೇವೆ. ಹೊಸ ಹುಡುಗರು ತೂತು ಸಣ್ಣ ಮಾಡಿಬಿಡುತ್ತಾರೆ. ಆಗ ಎಣ್ಣೆಯಲ್ಲಿ ಹಿಟ್ಟು ಉಬ್ಬಿ ತೂತು ಮುಚ್ಚುತ್ತದೆ, ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ತೂತು ಸರಿಯಾಗಿದ್ದರೆ ಎಣ್ಣೆ ನಡುವೆಯೂ ಹೋಗಿ ಬೇಯಿಸುತ್ತದೆ. ಕೆಲಸ ಮಾಡುವುದನ್ನು ಇಲ್ಲ ಅನ್ನುವುದು ಹೇಗೆ? ನಾನು ದಿನಾ ನಾನೂರು ತೂತು ಮಾಡುತ್ತೇನೆ.

ತರ್ಕಪ್ರಿಯ, ಮಾಟುಂಗಾ

ಅಕ್ಕ, ಇದರ ಮೇಲೆ ಅಮೆರಿಕದ ಡೇವಿಡ್ ಲೂಯಿಸ್, ಸ್ಟೆಫನಿ ಲೂಯಿಸ್ ದಂಪತಿ 1970ರಲ್ಲಿ ಸಂವಾದದ ರೂಪದಲ್ಲಿ ಒಂದು ಲೇಖನ ಬರೆದಿದ್ದಾರೆ. ಅವರದು ಚೀಸಿನ ತೂತು. ಜಗತ್ತಿನಲ್ಲಿರುವುದೆಲ್ಲ ಜಡವಸ್ತುವೇ ಅನ್ನುವವನು ಅದರಲ್ಲಿ ಪಟ್ಟು ಹಿಡಿದು, ತೂತು ಅಂದರೆ ತೂತಿನ ಸುತ್ತಲಿರುವ ಅಂಚೇ ಅನ್ನುತ್ತಾನೆ. ನಿಮ್ಮ ಹುಡುಗರಿಗೆ ಇದನ್ನು ಹೇಳಿದರೆ ಒಪ್ಪುತ್ತಾರೋ ಇಲ್ಲವೋ. ಅಂಚು ದಪ್ಪ ಆದಷ್ಟೂ ತೂತು ಸಣ್ಣದಾಗುತ್ತದೆ, ಎರಡೂ ಒಂದೇ ಆಗಿದ್ದರೆ ಎರಡೂ ದಪ್ಪ ಆಗಬೇಕಿತ್ತು.

ನ್ಯಾಯದರ್ಶನದಲ್ಲಿ ಅಭಾವ ನಾಲ್ಕು ಬಗೆ. ಕೊಡ ಆಗುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ, ಒಡೆದ ಮೇಲಿನದು ಧ್ವಂಸಾಭಾವ, ಗಾಳಿಗೆ ಬಣ್ಣ ಇಲ್ಲ ಅನ್ನುವಂಥದ್ದು ಅತ್ಯಂತಾಭಾವ, ಕೊಡ ಬಟ್ಟೆ ಅಲ್ಲ ಅನ್ನುವುದು ಅನ್ಯೋನ್ಯಾಭಾವ. ಇದರಲ್ಲಿ ಒಂದು ಸೂಕ್ಷ್ಮವನ್ನು ಮುಲುಂಡಿನವರ ತಂದೆಗೆ ಹೇಳಿ. ಪ್ರಾಗಭಾವಕ್ಕೆ ಆರಂಭ ಇಲ್ಲ, ಕೊನೆ ಉಂಟು. ಧ್ವಂಸಕ್ಕೆ ಆರಂಭ ಉಂಟು, ಕೊನೆ ಇಲ್ಲ. ಅವರ ಎರಡನೇ ಮಾಳಿಗೆಯ ಮನೆ ಕೆಡವಿದ ದಿನ ಒಂದು ಧ್ವಂಸಾಭಾವ ಶುರುವಾಗುತ್ತದೆ. ಹನ್ನೊಂದನೇ ಮಾಳಿಗೆ ಎದ್ದರೂ ಅದು ಮುಗಿಯುವುದಿಲ್ಲ. ನೈಯಾಯಿಕರ ಪ್ರಕಾರ ಬರುವುದು ಬೇರೆ ಮನೆ. ಸಮಾಧಾನ ಬೇಡ ಅಂದಿದ್ದೀರಿ, ಅದಕ್ಕೆ ನೇರವಾಗಿ ಬರೆದೆ.

ಹಾಸುಹೊಕ್ಕು

ತರ್ಕದವರ ಮಾತಿಗೆ ನಂದೊಂದು ಸೇರಸ್ತೀನಿ. ನಮ್ಮಪ್ಪ ಲಾಲ್‌ಬಾಗಿನ ಮಿಲ್ಲಿನ್ಯಾಗ ಮಗ್ಗದ ಖಾತೆಯೊಳಗ ಇದ್ರು. ನಾ ಸಣ್ಣಾಂವ ಇದ್ದಾಗ ಡಬ್ಬಿ ಒಯ್ದು ಕೊಡಾಕ ಹೋಗ್ತಿದ್ದೆ. ಒಳಗ ಮಾತು ಕೇಳತಿರಲಿಲ್ಲ, ಅಷ್ಟು ಸಪ್ಪಳ. ಅರಳಿ ಎಳಿ ಗಾಳ್ಯಾಗ ತೇಲಾಡತಿದ್ವು, ಅಪ್ಪನ ಹುಬ್ಬು ಬೆಳ್ಳಗಾಗಿರತಿತ್ತು.

ತರ್ಕಶಾಸ್ತ್ರದಾಗ ಕೊಡಾ ಬಿಟ್ಟರ ಬಟ್ಟೀದ ಉದಾಹರಣೆನ ಹೆಚ್ಚು ಅಂತ ಕೇಳೀನಿ. ಬಟ್ಟಿ ಹುಟ್ಟಾಕ ಮೂರು ಕಾರಣ ಹೇಳ್ತಾರ: ಎಳಿ ಸಮವಾಯಿ ಕಾರಣ (ಬಟ್ಟಿ ನೆಲಸಿದ್ದು ಅದರಾಗ), ಎಳಿಗೋಳು ಒಂದಕ್ಕೊಂದು ಕೂಡೂದು ಅಸಮವಾಯಿ ಕಾರಣ, ಮಗ್ಗ ನಿಮಿತ್ತ ಕಾರಣ. ಇದನ್ನ ಓದಿದಾಗ ನಂಗ ಅಪ್ಪನ ಖಾತೆನ ಕಣ್ಮುಂದ ಬಂತು. ಹಾಸಿನ ಎಳಿ ಬಿಗದು ನಿಂತಿರತಾವು, ಲಾಳಿ ಹೊಕ್ಕಿನ ಎಳಿ ಹೊತ್ಕೊಂಡು ಆ ಕಡೆಯಿಂದ ಈ ಕಡೆ ಹಾರತದ. ಯಾವ ಏಟಿಗೆ ನೂಲು ಹೋಗಿ ಬಟ್ಟಿ ಆಯ್ತು ಅಂತ ಅಪ್ಪನ್ನ ಕೇಳಿದ್ದೆ. ಅವರು ಅಂದ್ರು, ಒಂದು ಬೆರಳು ಅಗಲ ನೇಯ್ದ ಮ್ಯಾಲ ಕೈ ಆಡಿಸಿದ್ರ ಗೊತ್ತಾಗತದ, ಅದಕ್ಕಿಂತ ಮುಂಚೆ ನೂಲು ಅಷ್ಟ.

1982ರ ಜನವರಿ 18ಕ್ಕ ಮುಷ್ಕರ ಶುರು ಆತು. ದತ್ತಾ ಸಾಮಂತ್ ಮುಂದಾಳು, ಎರಡೂವರೆ ಲಕ್ಷದಷ್ಟು ಮಂದಿ ಹೊರಗ ಬಂದ್ರು. ಬಹಳಷ್ಟು ಮಂದಿ ತಿರುಗಿ ಒಳಗ ಹೋಗಲೇ ಇಲ್ಲ, ನಮ್ಮಪ್ಪನೂ ಹೋಗಲಿಲ್ಲ. ಈಗ ನಾ ಕೇಳೂದು ಇಷ್ಟ. ಮಿಲ್ಲು ಅಂದ್ರ ಯಾವುದು? ಕಟ್ಟಡಾನ, ಮಗ್ಗಾನ, ಮಂದೀನ, ಕಾಗದದ ಮ್ಯಾಲಿನ ಕಂಪನೀನ? ಲೋವರ್ ಪರೇಲಿನ ಫೀನಿಕ್ಸ್ ಮಿಲ್ ಇದ್ದ ಜಾಗದಾಗ ಮಾಲ್ ಅದ. ಷೇರುಪೇಟ್ಯಾಗ ಕಂಪನೀ ಹೆಸರು ಇವತ್ತಿಗೂ ಫೀನಿಕ್ಸ್ ಮಿಲ್ಸ್. ಒಂದು ಗೇಣು ಬಟ್ಟಿ ನೇಯೂದಿಲ್ಲ. ಕಾಯಿದೆ ಕಣ್ಣಿನ್ಯಾಗ ಅದು ಅದ. ನಮ್ಮಪ್ಪನ ಕಣ್ಣಿನ್ಯಾಗ ಗಿರಣಗಾಂವದ ಮಿಲ್ಲುಗೋಳು ಎಲ್ಲಾ ಹೋದ್ವು. ಇಬ್ಬರೂ ಖರೇನ ಹೇಳಾಕತ್ತಾರ, ಯಾಕಂದ್ರ ಇಬ್ಬರೂ ಎಣಸಾಕತ್ತಿದ್ದು ಬ್ಯಾರೆ ಬ್ಯಾರೆ ವಸ್ತು. ಹೆಸರು ಅಷ್ಟ ಒಂದ.

ನಿತ್ಯ ಪ್ರಯಾಣಿಕ, ಡೊಂಬಿವಲಿ

ಹಾಸುಹೊಕ್ಕು ಅವರ ಕೊನೆಯ ಮಾತು ಹಿಡಿದು ಬರೆಯುತ್ತೇನೆ. ನನ್ನ ಗಾಡಿ 8.14ರ ಫಾಸ್ಟ್. ಹತ್ತೊಂಬತ್ತು ವರ್ಷದಿಂದ ಅದೇ ಗಾಡಿ ಅನ್ನುತ್ತೇನೆ. ಅದೇ ಅಂದರೆ ಯಾವುದು? ಇವತ್ತಿನ ಡಬ್ಬಿಗಳು ನಾಳೆ ಕಸಾರಾ ಕಡೆ ಹೋಗಿರುತ್ತವೆ. ಮೋಟರ್‌ಮನ್ ಬೇರೆ, ಗಾರ್ಡ್ ಬೇರೆ. ಮೊದಲು ಒಂಬತ್ತು ಡಬ್ಬಿ ಇದ್ದದ್ದು ಹನ್ನೆರಡಾಯಿತು. ತಂತಿಯಲ್ಲಿ ಹರಿಯುತ್ತಿದ್ದ 1500 ವೋಲ್ಟ್ ನೇರ ವಿದ್ಯುತ್ ಹೋಗಿ 25,000 ವೋಲ್ಟಿನ ಪರ್ಯಾಯ ವಿದ್ಯುತ್ ಬಂತು. ಒಂದೊಂದು ದಿನ ಅದು 8.31ಕ್ಕೆ ಬರುತ್ತದೆ, ಆಗಲೂ ನಾವು ‘8.14 ಲೇಟು’ ಅನ್ನುತ್ತೇವೆ ಹೊರತು ‘8.31 ಬಂತು’ ಅನ್ನುವುದಿಲ್ಲ.

ಸ್ವಿಟ್ಜರ್ಲೆಂಡಿನ ಭಾಷಾಶಾಸ್ತ್ರಜ್ಞ ಸೊಸ್ಯೂರ್ ಪಾಠ ಹೇಳುವಾಗ ಇದೇ ಉದಾಹರಣೆ ಕೊಟ್ಟಿದ್ದರು. ಅವರದು ಜಿನೀವಾದಿಂದ ಪ್ಯಾರಿಸ್‌ಗೆ ಹೋಗುವ ರಾತ್ರಿ 8.25ರ ಗಾಡಿ. ಎಂಜಿನ್, ಡಬ್ಬಿ, ಸಿಬ್ಬಂದಿ ಎಲ್ಲ ಬೇರೆಯಾದರೂ ದಿನವೂ ಅದೇ ಗಾಡಿ ಅನ್ನುತ್ತೇವೆ, ಯಾಕೆಂದರೆ ಅದನ್ನು ಅದಾಗಿ ಮಾಡಿರುವುದು ಹೊರಡುವ ಹೊತ್ತು, ದಾರಿ, ಉಳಿದ ಗಾಡಿಗಳಿಂದ ಅದಕ್ಕಿರುವ ವ್ಯತ್ಯಾಸ. ಆದರೆ ನನ್ನ ಕೊಡೆ 8.14ರಲ್ಲಿ ಉಳಿದುಹೋದ ದಿನ ನಾನು ಹುಡುಕಬೇಕಾದದ್ದು ಆ ಗಾಡಿಯನ್ನಲ್ಲ, ಆ ಡಬ್ಬಿಯನ್ನು. ಮರುದಿನದ 8.14 ಹತ್ತಿ ಸೀಟಿನ ಕೆಳಗೆ ನೋಡಿದರೆ ಕೊಡೆ ಸಿಗುವುದಿಲ್ಲ. ಅಂದರೆ ಪ್ಲಾಟ್‌ಫಾರಂ ಮೇಲೆ ಒಂದೇ ಹೊತ್ತಿಗೆ ಎರಡು ವಸ್ತು ಬಂದು ನಿಲ್ಲುತ್ತವೆ: ಒಂದು ಗಾಡಿ, ಒಂದು ರೇಕು (ಜೋಡಿಸಿದ ಡಬ್ಬಿಗಳ ಸಾಲು). ಕಣ್ಣಿಗೆ ಒಂದೇ.

ನಿಮ್ಮ ತಂದೆಯವರಿಗೆ ಹೀಗೆ ಕೇಳಿ ನೋಡಿ: ಅವರ ಮನೆ 8.14ರ ಥರದ್ದೋ, ಡಬ್ಬಿಯ ಥರದ್ದೋ? ವಿಳಾಸ, ನೆರೆಹೊರೆ, ಸೊಸೈಟಿಯ ಸಭೆ, ಬಾಗಿಲ ಮೇಲಿನ ಹೆಸರು ಇವೆಲ್ಲ ಗಾಡಿಯ ಕಡೆಯವು. ಗೋಡೆ, ನೆಲದ ಹಾಸು ಡಬ್ಬಿಯ ಕಡೆಯವು.

ಮುಲುಂಡ್ ಪೂರ್ವ

ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಕೊಡೆ ಗೋಡೆಯಲ್ಲಿದೆ” ಅಂದರು.

ಅಡುಗೆಮನೆ ಬಾಗಿಲ ಪಕ್ಕ ನಮ್ಮ ಮೂವರ ಎತ್ತರ ಗುರುತು ಮಾಡಿದ ಪೆನ್ಸಿಲ್ ಗೆರೆಗಳಿವೆ. ಪ್ರತಿ ದೀಪಾವಳಿಗೆ ಅಮ್ಮ ತಲೆಯ ಮೇಲೆ ಅಕ್ಕಿ ಅಳೆಯುವ ಸೇರನ್ನು ಅಡ್ಡ ಹಿಡಿದು ಗೆರೆ ಎಳೆಯುತ್ತಿದ್ದರು. ಸುಣ್ಣ ಬಳಿಯುವವರು ಬಂದಾಗೆಲ್ಲ ಆ ಒಂದು ಮೊಳ ಅಗಲ ಬಿಟ್ಟು ಬಳಿಯಲು ಹೇಳುತ್ತಿದ್ದರು. ನನ್ನ ಕೊನೆಯ ಗೆರೆ 1989ರದ್ದು, ತಮ್ಮನದು 1993. ಆ ಪಟ್ಟೆ ಈಗ ಉಳಿದ ಗೋಡೆಗಿಂತ ಮಬ್ಬಾಗಿ, ಎಣ್ಣೆ ಹಿಡಿದು, ಹಳದಿಯಾಗಿದೆ. ಅದನ್ನು ಯಾವ ನಗದಲ್ಲಿ ಬರೆಸಲಿ?

ಟ್ರಾಂಬೆ

ನಾನು ಭೌತಶಾಸ್ತ್ರದ ಕಡೆಯವನು. ಗೋಡೆಯ ಮಾತು ಓದಿ ಬರೆಯದೆ ಇರಲು ಆಗಲಿಲ್ಲ.

ಜನ ನಮ್ಮ ಹತ್ತಿರ ಬರುವುದು ಒಂದು ನಂಬಿಕೆಯಿಂದ: ಕೆಳಗೆ, ತೀರ ಕೆಳಗೆ ಹೋದರೆ ನಿಜವಾದ ವಸ್ತುಗಳು ಸಿಗುತ್ತವೆ, ಮೇಲಿನದೆಲ್ಲ ಅವುಗಳ ಗುಂಪು ಅಂತ. ಕೆಳಗೆ ಹೋದರೆ ಆಗುವುದು ಬೇರೆ. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಹೊಸ ರೀತಿಯಲ್ಲಿ ಎಣಿಸಿದರು, ಐನ್‌ಸ್ಟೈನ್ ಆ ಪ್ರಬಂಧವನ್ನು ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು. ಎಣಿಕೆ ಹೀಗಿದೆ. ಎರಡು ಡಬ್ಬಿ, ಎರಡು ಗೋಲಿ. ಗೋಲಿಗಳನ್ನು ಇಡುವ ಬಗೆ ನಾಲ್ಕು: ಎರಡೂ ಎಡಕ್ಕೆ, ಎರಡೂ ಬಲಕ್ಕೆ, ಮೊದಲನೆಯದು ಎಡ ಎರಡನೆಯದು ಬಲ, ಆಮೇಲೆ ಅದರ ತಿರುವು. ಬೆಳಕಿನ ಕಣಗಳಿಗೆ ಬಗೆ ಮೂರೇ. ಕೊನೆಯ ಎರಡು ಬೇರೆ ಬೇರೆ ಅಲ್ಲವೇ ಅಲ್ಲ. ನಮಗೆ ಗುರುತು ಹಿಡಿಯಲು ಆಗುತ್ತಿಲ್ಲ ಅಂತಲ್ಲ. ‘ಇದು ಅದಲ್ಲ’ ಅನ್ನಲು ಅಲ್ಲಿ ಏನೂ ಇಲ್ಲ. ನಾಲ್ಕು ಅಂತ ಲೆಕ್ಕ ಹಾಕಿದರೆ ಬಿಸಿ ವಸ್ತು ಚೆಲ್ಲುವ ಬೆಳಕಿನ ಅಳತೆ ತಪ್ಪಿಬರುತ್ತದೆ, ಮೂರು ಅಂದರೆ ಸರಿಬರುತ್ತದೆ. ಇಲೆಕ್ಟ್ರಾನ್ ಇನ್ನೊಂದು ಜಾತಿ. ಒಂದೇ ಸ್ಥಿತಿಯಲ್ಲಿ ಎರಡು ಕೂರುವುದಿಲ್ಲ, ಹಾಗಾಗಿ ಅದಕ್ಕೆ ಇರುವ ಬಗೆ ಒಂದೇ.

ಬ್ಯಾಂಕಿನ ಖಾತೆಯಲ್ಲಿ ಎರಡು ರೂಪಾಯಿ ಇದ್ದರೆ ಮೊದಲನೇ ರೂಪಾಯಿ ಯಾವುದು ಅಂತ ಕೇಳಲು ಬರುವುದಿಲ್ಲವಲ್ಲ, ಹಾಗೆ. ಎಷ್ಟು ಅಂತ ಕೇಳಬಹುದು, ಯಾವುದು ಅಂತ ಕೇಳಲು ಬರುವುದಿಲ್ಲ.

ಹಾಗಾಗಿ ವಸ್ತು ಅನ್ನಿಸಿಕೊಳ್ಳಲು ಗೋಡೆಗೆ ನಮ್ಮ ಇಲಾಖೆಯ ಅಪ್ಪಣೆ ಬೇಕಾಗಿಲ್ಲ ಅಂತ ನಿಮ್ಮ ತಂದೆಗೆ ಹೇಳಿ. ಪೆನ್ಸಿಲ್ ಗೆರೆ ಅದನ್ನು ಎಳೆದ ಇಂಗಾಲದ ಕಣಗಳಿಗಿಂತ ಹೆಚ್ಚು ‘ಇದೇ’ ಅನ್ನಿಸಿಕೊಳ್ಳಲು ಅರ್ಹ.

ತರ್ಕಪ್ರಿಯ, ಮಾಟುಂಗಾ

ಟ್ರಾಂಬೆಯವರೇ, ನೀವು ಹೇಳಿದ್ದು ವೈಶೇಷಿಕದ ಬುಡಕ್ಕೇ ಬೀಳುತ್ತದೆ. ಆ ದರ್ಶನಕ್ಕೆ ಹೆಸರು ಬಂದದ್ದೇ ‘ವಿಶೇಷ’ದಿಂದ ಅನ್ನುತ್ತಾರೆ. ಎರಡು ಪರಮಾಣು ಎಲ್ಲ ಗುಣದಲ್ಲಿ ಒಂದೇ ಆದರೂ ಒಂದೊಂದರಲ್ಲಿ ಒಂದೊಂದು ವಿಶೇಷ ಇದೆ, ಅದರಿಂದಲೇ ಇದು ಅದಲ್ಲ ಎಂಬುದು ಅವರ ಮಾತು. ಬೋಸರ ಮೂರು ಸರಿ ಇದ್ದರೆ ಆ ವಿಶೇಷಕ್ಕೆ ಕೆಲಸ ಇಲ್ಲ. ನ್ಯಾಯದ ಆಮೇಲಿನ ಕವಲಾದ ನವ್ಯನ್ಯಾಯದ ರಘುನಾಥ ಶಿರೋಮಣಿ ವಿಶೇಷವನ್ನು ಪದಾರ್ಥಗಳ ಪಟ್ಟಿಯಿಂದ ತೆಗೆದೇ ಹಾಕಿದ್ದ. ಅವನ ಕಾರಣ ಬೇರೆ. ವಿಶೇಷಗಳು ಯಾರ ಆಸರೆಯೂ ಇಲ್ಲದೆ ತಾವೇ ಬೇರೆ ಆಗಬಹುದಾದರೆ ಪರಮಾಣುಗಳೇ ತಾವಾಗಿ ಬೇರೆ ಇರಬಹುದಲ್ಲ ಅಂದ.

ಕ್ಷಮಿಸಿ, ಗೆರೆಗಳ ವಿಷಯಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ.

ಬಟಾಬಯಲು

ಇಷ್ಟು ದೂರ ಸುತ್ತುವುದು ಯಾಕೆ? ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಹೇಳಿದ್ದು ಸಾಕಲ್ಲ. ರಥದಲ್ಲಿ ಬಂದೆ ಅಂದೆಯಲ್ಲ, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ. ಎಲ್ಲ ಸೇರಿದ್ದಕ್ಕೆ ರಥ ಅನ್ನುವುದು ಬಳಕೆಯ ಮಾತು. ಅದ್ವೈತಿಗಳಿಗೂ ಛಾಂದೋಗ್ಯ ಉಪನಿಷತ್ತಿನ ‘ವಾಚಾರಂಭಣಂ ವಿಕಾರೋ ನಾಮಧೇಯಂ ಮೃತ್ತಿಕೇತ್ಯೇವ ಸತ್ಯಮ್’ ಇದೆ. ಮಡಕೆ ಹೆಸರು, ಮಣ್ಣು ನಿಜ. ಮನೆಯೂ ಹೆಸರು. ಹೆಸರಿಗೆ ಯಾಕೆ ದುಃಖ?

ಕರಾವಳಿ ಅಕ್ಕ

ಮಣ್ಣು ನಿಜ ಅಂತ ಮಡಕೆ ಬದಲು ಮಣ್ಣಿನ ಉಂಡೆಯಲ್ಲಿ ಗಂಜಿ ಬೇಯಿಸಲು ಆಗುವುದಿಲ್ಲ ಮಾರಾಯರೇ.

ಶ್ರವಣ

ಹೆಸರಿಗೆ ಯಾಕೆ ದುಃಖ ಅಂದವರಿಗೆ ಜೈನರ ಉತ್ತರ ಇದೆ. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಹೇಳುತ್ತಾರೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರು. ಕೊಡ ಬೇಕಾಗಿದ್ದವನಿಗೆ ದುಃಖ, ಕಿರೀಟ ಬೇಕಾಗಿದ್ದವನಿಗೆ ಸಂತೋಷ, ಚಿನ್ನ ಬೇಕಾಗಿದ್ದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ಕಾರಣ ಇದೆ ಅನ್ನುತ್ತಾರೆ ಅವರು. ಅದಕ್ಕೇ ಒಂದು ನಾಶ, ಒಂದು ಹುಟ್ಟು, ಒಂದು ಉಳಿಕೆ, ಮೂರೂ ಒಂದೇ ಕ್ಷಣದಲ್ಲಿ ಅಲ್ಲಿ ಆಗಿವೆ. ತತ್ತ್ವಾರ್ಥಸೂತ್ರದ ‘ಉತ್ಪಾದವ್ಯಯಧ್ರೌವ್ಯಯುಕ್ತಂ ಸತ್’ ಎಂಬ ಸೂತ್ರದ ತಿರುಳೂ ಇದೇ. ಇರುವುದೆಂದರೆ ಹುಟ್ಟು, ಅಳಿವು, ಉಳಿವು ಮೂರೂ ಕೂಡಿದ್ದು.

ಆ ಪದ್ಯದಲ್ಲಿ ನನಗೆ ಹಿಡಿಸುವುದು ದುಃಖವನ್ನು ಅವರು ಸಾಕ್ಷಿಯಾಗಿ ತೆಗೆದುಕೊಂಡ ಬಗೆ. ದುಃಖಪಡುವವನಿಗೆ ಅಜ್ಞಾನ ಅಂತ ಹೇಳಿ ಕಳಿಸಿಬಿಡಲಿಲ್ಲ. ಅವನು ಅಳುತ್ತಿದ್ದಾನೆ, ಹಾಗಾದರೆ ಏನೋ ಒಂದು ಹೋಗಿದೆ, ಏನು ಹೋಯಿತು ಅಂತ ಹುಡುಕಿದರು. ಬಿಲ್ಡರನಿಗೆ ಬೇಕಾದದ್ದು ಚದರಡಿ, ಅದಕ್ಕೆ ಏನೂ ಆಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ನಿಮ್ಮ ಮಕ್ಕಳಿಗೆ ಲಿಫ್ಟ್ ಇರುವ ಮನೆ ಬೇಕಿತ್ತು, ಅದು ಬರುತ್ತದೆ. ನಿಮ್ಮ ತಂದೆಗೆ ಬೇಕಾದದ್ದು ಆ ಗೋಡೆ.

ಕೋರ್ಟಿನ ದಾರಿ

ನಾನು ವಕೀಲೆ, ಸೊಸೈಟಿಗಳ ಕೆಲಸವೇ ಹೆಚ್ಚು. ಇದೇ ಪ್ರಶ್ನೆ ನ್ಯಾಯಾಲಯದಲ್ಲಿ ರೂಪಾಯಿ ಲೆಕ್ಕದಲ್ಲಿ ಬರುತ್ತದೆ, ಅದನ್ನು ತಿಳಿಸುತ್ತೇನೆ.

ಕಟ್ಟಡ ಬಿದ್ದರೂ ಸೊಸೈಟಿ ಬೀಳುವುದಿಲ್ಲ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯ 36ನೇ ಕಲಮಿನಂತೆ ನೋಂದಾಯಿತ ಸೊಸೈಟಿ ಒಂದು ಕಾನೂನು ವ್ಯಕ್ತಿ. ಸದಸ್ಯರು ಬದಲಾದರೂ ಅದಕ್ಕೆ ಸಾವಿಲ್ಲ. ಆಸ್ತಿ ಇಟ್ಟುಕೊಳ್ಳಬಹುದು, ದಾವೆ ಹೂಡಬಹುದು. ಮೂರು ವರ್ಷ ನಿಮ್ಮ ಜಾಗದಲ್ಲಿ ಬರೀ ಹೊಂಡ ಇದ್ದಾಗಲೂ ನಿಮ್ಮ ಸೊಸೈಟಿ ಅದೇ ನೋಂದಣಿ ಸಂಖ್ಯೆಯಲ್ಲಿ ಜೀವಂತ ಇರುತ್ತದೆ.

ಹಳೆ ಸದಸ್ಯನಿಗೆ ಸಿಗುವ ಹೊಸ ಮನೆ ಅವನು ಕೊಂಡ ಹೊಸ ವಸ್ತುವೋ, ಹಳೆಯದರ ಬದಲಿಯೋ? ಕೊಂಡದ್ದು ಅಂದರೆ ಲಕ್ಷಗಟ್ಟಲೆ ಮುದ್ರಾಂಕ ಶುಲ್ಕ. 2023ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು, ಈ ಸದಸ್ಯ ಮನೆ ಕೊಳ್ಳುವವನಲ್ಲ, ಹಳೆ ಮನೆಯ ಬದಲಿಗೆ ಪಡೆಯುವವನು, ಅವನ ಒಪ್ಪಂದಕ್ಕೆ ಆಗ ಇದ್ದ ನೂರು ರೂಪಾಯಿಯ ಮುದ್ರಾಂಕ ಸಾಕು. ಅದಕ್ಕಿಂತ ಹೆಚ್ಚಿನ ಜಾಗವನ್ನು ದುಡ್ಡು ಕೊಟ್ಟು ಕೊಂಡರೆ ಆ ಹೆಚ್ಚಿನದಕ್ಕೆ ಮಾತ್ರ ಮಾರಾಟದ ಶುಲ್ಕ. ಗಮನಿಸಿ, ‘ಅದೇ ಮನೆ’ ಅಂತ ನ್ಯಾಯಾಲಯ ಹೇಳಲಿಲ್ಲ. ‘ಬದಲಿ’ ಅಂದಿತು. ಆ ಮಾತಿನಲ್ಲೇ ಹಳೆಯದು ಹೋಯಿತು ಅನ್ನುವುದೂ ಇದೆ. ನಿಮ್ಮ ತಂದೆಯ ಪ್ರಶ್ನೆಗೆ ನನ್ನ ಬಳಿ ಇರುವ ಅತ್ಯಂತ ಪ್ರಾಮಾಣಿಕ ಶಬ್ದ ಅದು.

ಏಳು ದ್ವೀಪ

ಈ ಮುಂಬೈ ಊರನ್ನೇ ನೋಡಿ. 1668ರಲ್ಲಿ ಇಂಗ್ಲೆಂಡಿನ ರಾಜ ವರ್ಷಕ್ಕೆ ಹತ್ತು ಪೌಂಡಿಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟಾಗ ಇದು ಏಳು ದ್ವೀಪ. ಕೊಲಾಬಾ, ಚಿಕ್ಕ ಕೊಲಾಬಾ, ಬೊಂಬಾಯಿ, ಮಝಗಾಂವ್, ಪರೇಲ್, ವರ್ಲಿ, ಮಾಹಿಮ್. 1780ರ ದಶಕದಲ್ಲಿ ಹಾರ್ನ್‌ಬಿ ಕಟ್ಟೆ ಎದ್ದು ವರ್ಲಿಯ ಬಳಿಯ ಕಡಲ ಬಿರುಕು ಮುಚ್ಚಿತು, ಆಮೇಲೆ ಒಂದೊಂದೇ ಸೇರಿಕೊಂಡವು. ಒಂದು ಚಮಚ ಮಣ್ಣೂ ಕಳೆಯಲಿಲ್ಲ, ಮೇಲೆ ಇನ್ನಷ್ಟು ಹಾಕಿದರು, ಆದರೂ ಏಳು ವಸ್ತು ಇಲ್ಲವಾದವು. ದ್ವೀಪ ಹೋದದ್ದು ನೀರು ಹೋದದ್ದರಿಂದ.

ವ್ಯಾಕರಣದ ಹುಚ್ಚು, ಕಲೀನಾ

ಯಾರೂ ಕನ್ನಡವನ್ನು ಕೇಳಲಿಲ್ಲವಲ್ಲ! ನಮ್ಮ ಭಾಷೆ ಎಣಿಸಲು ಕೂತ ಕೂಡಲೇ ನೀನು ಎಣಿಸುತ್ತಿರುವುದು ವಸ್ತುವೋ ಮನುಷ್ಯನೋ ಅಂತ ತೀರ್ಮಾನ ಕೇಳುತ್ತದೆ. ಎರಡು ಕೊಡ, ಇಬ್ಬರು ಹುಡುಗರು. ಎರಡು ಹುಡುಗರು ಅಂದರೆ ಕಿವಿಗೆ ಚುಚ್ಚುತ್ತದೆ. ಆದರೆ ಮಗು? ‘ಒಂದು ಮಗು ಅಳುತ್ತಿದೆ, ಅದಕ್ಕೆ ಹಸಿವು.’ ಅದೇ ಮಗು ಬೆಳೆದು ಅವನೋ ಅವಳೋ ಆಗುತ್ತದೆ. ಸತ್ತ ಮೇಲೆ ಹೆಣ, ಮತ್ತೆ ಅದು. ಈ ದಾಟುವಿಕೆ ಯಾವ ದಿನ ಆಗುತ್ತದೆ ಅಂತ ಯಾವ ವ್ಯಾಕರಣವೂ ಹೇಳುವುದಿಲ್ಲ, ಆದರೂ ಯಾವ ತಾಯಿಯೂ ತಪ್ಪುವುದಿಲ್ಲ.

‘ಈ ಕೋಣೆಯಲ್ಲಿ ಎಷ್ಟು ವಸ್ತು ಇವೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲ. ಎಷ್ಟು ಕುರ್ಚಿ ಅಂದರೆ ಇದೆ, ಎಷ್ಟು ಕಾಲು ಅಂದರೆ ಇದೆ, ಎಷ್ಟು ನಗ ಅಂದರೆ ಇದೆ. ಏನನ್ನು ಎಣಿಸುತ್ತಿದ್ದೇವೆ ಎಂಬ ಹೆಸರು ಮೊದಲು, ಸಂಖ್ಯೆ ಆಮೇಲೆ. ಟೆಂಪೋದವನೂ ಸರಿ, ತಂದೆಯವರೂ ಸರಿ. ಅವನು ಎತ್ತುವುದನ್ನು ಎಣಿಸಿದ, ಅವರು ರುಬ್ಬುವುದನ್ನು ಎಣಿಸಿದರು.

ತರ್ಕಪ್ರಿಯ, ಮಾಟುಂಗಾ

ಒಪ್ಪಿದೆ, ಆದರೆ ಅರ್ಧ. ಹೆಸರು ಇಟ್ಟದ್ದೆಲ್ಲ ವಸ್ತು ಆಗುವುದಾದರೆ ನನ್ನ ಎಡಗಾಲ ಚಪ್ಪಲಿ ಮತ್ತು ದಾದರ್ ಸ್ಟೇಷನ್ನಿನ ಗಡಿಯಾರ ಸೇರಿ ಒಂದು ವಸ್ತು ಅಂತ ಹೆಸರಿಡಬಹುದು. ಯಾರೂ ಇಡುವುದಿಲ್ಲ, ಯಾಕೆ? ಪೀಟರ್ ವ್ಯಾನ್ ಇನ್ವ್ಯಾಗನ್ ಎಂಬ ತತ್ತ್ವಜ್ಞಾನಿ 1990ರ ಪುಸ್ತಕದಲ್ಲಿ ಈ ಪ್ರಶ್ನೆಯನ್ನು ಕೊನೆಮುಟ್ಟ ಬೆನ್ನತ್ತುತ್ತಾರೆ. ಬಿಡಿ ವಸ್ತುಗಳು ಯಾವಾಗ ಸೇರಿ ಒಂದಾಗುತ್ತವೆ? ತಗುಲಿದರೆ ಸಾಲದು, ಇಬ್ಬರು ಕೈ ಕುಲುಕಿದಾಗ ಮೂರನೆಯದೊಂದು ಹುಟ್ಟುವುದಿಲ್ಲ. ಕಟ್ಟಿದರೆ, ಅಂಟಿಸಿದರೆ ಕೂಡ ಸಾಲದು. ಕೊನೆಗೆ ಅವರು ನಿಲ್ಲುವುದು ಒಂದೇ ಕಡೆ: ಭಾಗಗಳು ಸೇರಿ ಜೀವ ನಡೆಸಿದರೆ ಮಾತ್ರ ಇಡಿಯಾದದ್ದು ಒಂದು ಇದೆ. ಆ ಲೆಕ್ಕದಲ್ಲಿ ಒರಳು ಇಲ್ಲ, ಗೋಡೆ ಇಲ್ಲ, ಕಟ್ಟಡ ಇಲ್ಲ. ನಿಮ್ಮ ತಂದೆ ಇದ್ದಾರೆ.

ನಾನು ಇದನ್ನು ಒಪ್ಪುವವನಲ್ಲ. ಆದರೂ ಓದಿದಾಗಿನಿಂದ ಮನಸ್ಸಿನಿಂದ ಹೋಗಿಲ್ಲ.

ಮುಲುಂಡ್ ಪೂರ್ವ

ನಿನ್ನೆ ಖಾಲಿ ಮಾಡಿದೆವು. ಎಲ್ಲರದ್ದನ್ನೂ ಅಪ್ಪನಿಗೆ ಓದಿ ಹೇಳಿದ್ದೆ. ವಕೀಲರ ‘ಬದಲಿ’ ಅವರಿಗೆ ಸರಿ ಅನ್ನಿಸಿತು. ಸೊಸೈಟಿಯ ಕಾಗದದಲ್ಲಿ ‘ವಾಪಸು’ ಅಂತಿದ್ದ ಕಡೆ ಪೆನ್ನಿನಿಂದ ಹೊಡೆದುಹಾಕಿ ಮೇಲೆ ‘ಬದಲಿ’ ಅಂತ ಬರೆದು ಕಡತದಲ್ಲಿ ಇಟ್ಟರು.

ಗೋಡೆಯ ಗಾರೆ ಸಮೇತ ಆ ಪಟ್ಟೆಯನ್ನು ಕೊಯ್ದು ತೆಗೆಯಬಹುದೇ ಅಂತ ಇಬ್ಬರು ಮೇಸ್ತ್ರಿಗಳನ್ನು ಕೇಳಿದೆ. ಗಾರೆ ಪೊಳ್ಳಾಗಿದೆ, ಉಳಿ ತಾಗಿಸಿದರೆ ಪುಡಿಯಾಗುತ್ತದೆ ಅಂದರು. ಹಾಗಾಗಿ ದೊಡ್ಡ ಕಾಗದ ಅಂಟಿಸಿ, ಗೆರೆಗಳ ಎತ್ತರ, ವರ್ಷ ಎಲ್ಲ ಅಳತೆ ತಪ್ಪದ ಹಾಗೆ ಇಳಿಸಿಕೊಂಡೆವು. ಅಮ್ಮ ಬರೆದ ವರ್ಷಗಳ ಅಂಕೆ ಕನ್ನಡದವು, ನಾನು ಅವುಗಳ ಮೇಲೆಯೇ ತಿದ್ದಿ ತೆಗೆದೆ. ಇದು ಆ ಗೆರೆ ಅಲ್ಲ, ಗೊತ್ತು.

ಒರಳಿನ ವಿಷಯ. ಟೆಂಪೋ ಬರುವ ಮೊದಲೇ ಅಪ್ಪ ಎದ್ದು ಅಮ್ಮನ ಹಳೆ ಇಳಕಲ್ ಸೀರೆ ಹುಡುಕಿ ತೆಗೆದಿದ್ದರು. ಗುಂಡುಕಲ್ಲನ್ನು ಗುಳಿಯೊಳಗೆ ಕೂರಿಸಿ, ಸುತ್ತ ಬಟ್ಟೆ ತುರುಕಿ, ಸೀರೆಯನ್ನು ಅಡ್ಡ ಉದ್ದ ಎರಡೂ ಕಡೆ ಸುತ್ತಿ ಗಂಟು ಹಾಕಲು ನೋಡುತ್ತಿದ್ದರು. ಕೈಗೆ ಬಲ ಸಾಲುತ್ತಿರಲಿಲ್ಲ, ನಾನು ಹಿಡಿದು ಬಿಗಿದೆ. ಟೆಂಪೋದವನು ಬಂದು ನೋಡಿದ, ಬಗ್ಗಿ ಒಂದು ಕಡೆ ಹಿಡಿದು ಅಲ್ಲಾಡಿಸಿದ. ಅಲುಗಲಿಲ್ಲ. ಜೊತೆಯವನನ್ನು ಕರೆದ. ಇಬ್ಬರೂ ಒಂದೊಂದು ಕಡೆ ಹಿಡಿದು, ಒಂದೇ ಸಲ ಬಗ್ಗಿ, ಒಂದೇ ಸಲ ಎತ್ತಿದರು. ಪ್ರತಿ ಮಾಳಿಗೆಯ ತಿರುವಿನಲ್ಲಿ ಇಳಿಸಿ ಉಸಿರು ಬಿಟ್ಟು ಮತ್ತೆ ಎತ್ತಿದರು.

ತರ್ಕಪ್ರಿಯರೇ, ಅರಗಿನ ಉದಾಹರಣೆಯನ್ನೂ ಅಪ್ಪನಿಗೆ ಓದಿದ್ದೆ, ಅವರಿಗೆ ನೆನಪಿತ್ತು. “ಇದು ಕಟ್ಟಿದ್ದು, ಹುಟ್ಟಿದ್ದಲ್ಲ, ಗೊತ್ತು” ಅಂದರು. ಕೆಳಗೆ ಟೆಂಪೋದವನು ಕಿಸೆಯಿಂದ ಪಟ್ಟಿ ತೆಗೆದು, 2 ಇದ್ದದ್ದನ್ನು ಹೊಡೆದು 1 ಮಾಡಿ, ಕೆಳಗಿನ ಒಟ್ಟು 41ನ್ನು 40 ಅಂತ ತಿದ್ದಿ ಅಪ್ಪನ ಕೈಗೆ ಕೊಟ್ಟ. ಬಾಡಿಗೆ ಮನೆ ಭಾಂಡುಪಿನಲ್ಲಿ. ಗಂಟು ಇನ್ನೂ ಬಿಚ್ಚಿಲ್ಲ.